ಬ್ರೋಶರ್ ಬದಿಗಿಟ್ಟು ಲ್ಯಾಬ್ ಜರ್ನಲ್ ಓದಿದೆ

ಪತ್ರಿಕೋದ್ಯಮ ಪದವಿಗೆ ಕಾಲೇಜು ಹುಡುಕುವಾಗ ನಾನು ಎಲ್ಲ ಕಡೆ ಕೇಳಿದ್ದು ಒಂದೇ: "ನಿಮ್ಮ ವಿದ್ಯಾರ್ಥಿಗಳು ತರುವ ಪತ್ರಿಕೆಯ, ಅಂದರೆ ಲ್ಯಾಬ್ ಜರ್ನಲ್‌ನ, ಹಳೇ ಸಂಚಿಕೆ ಕೊಡ್ತೀರಾ?" ಮನೆಯಲ್ಲಿ ನಕ್ಕರು. ಸುದ್ದಿಮನೆಯಲ್ಲಿದ್ದ ಪರಿಚಯದವರು "ಹೆಸರಿರುವ ಕಾಲೇಜಿಗೆ ಸೇರು, ಉಳಿದದ್ದು ಕೆಲಸದಲ್ಲಿ ಬರುತ್ತೆ" ಅಂದರು. ಈಗ ಸುದ್ದಿಮನೆಯ ಡೆಸ್ಕಿನಲ್ಲಿ ಕೂತು ಅವರೇ ಬರೆದ ಸುದ್ದಿಯ ಕಾಪಿ ತಿದ್ದುತ್ತಿದ್ದೇನೆ. ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ.

ಮೊದಲು ರ‍್ಯಾಂಕಿಂಗ್ ಪಟ್ಟಿಗಳನ್ನು ಹರಡಿಕೊಂಡು ಕೂತಿದ್ದೆ. ಒಂದರಲ್ಲಿ ಮೇಲಿದ್ದ ಕಾಲೇಜು ಇನ್ನೊಂದರಲ್ಲಿ ಹುಡುಕಿದರೂ ಇಲ್ಲ. ಒಂದೊಂದು ಪಟ್ಟಿಯ ಅಳತೆಯೇ ಬೇರೆ. ಆಮೇಲೆ ಸ್ಟುಡಿಯೋ ನೋಡಲು ಹೋದೆ. ಒಂದು ಕಡೆ ಗಾಜಿನ ಸ್ಟುಡಿಯೋ, ಸಾಲಾಗಿ ಕ್ಯಾಮೆರಾ. ಹೊರಗೆ ಒಯ್ಯಲು ಯಾರ ಸಹಿ ಬೇಕು ಅಂತ ಕೊನೇ ವರ್ಷದವರನ್ನು ಕೇಳಿದೆ. ಅವರಿಗೇ ಗೊತ್ತಿಲ್ಲ. ಯಾರೂ ಒಯ್ದೇ ಇರಲಿಲ್ಲ! ಶುಲ್ಕ ಮಾತ್ರ ನಾನು ಕೊನೆಗೆ ಸೇರಿದ ಕಾಲೇಜಿನ ನಾಲ್ಕು ಪಟ್ಟು. ಅದರ ಮೇಲೆ ಲ್ಯಾಬ್ ಫೀ ಬೇರೆ. ಕಟ್ಟಿದ ಅರ್ಜಿ ಶುಲ್ಕ ಹೋದದ್ದು ಹೋಯಿತು. ಅವರ ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಜಾಸ್ತಿ ಇದ್ದದ್ದು ಜಾಹೀರಾತು, ಪಿಆರ್ (ಸಾರ್ವಜನಿಕ ಸಂಪರ್ಕ) ಕಂಪನಿಗಳು. ಒಳ್ಳೇ ಕೆಲಸಗಳೇ, ಆದರೆ ನಾನು ಹೊರಟಿದ್ದು ವರದಿಗಾರಿಕೆಗೆ ಅಲ್ವಾ?

ಲ್ಯಾಬ್ ಜರ್ನಲ್ ಸುಳ್ಳು ಹೇಳಲ್ಲ. ಒಂದು ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಇಟ್ಟುಕೊಂಡು ಬೈಲೈನ್, ಅಂದರೆ ಸುದ್ದಿಯ ಜೊತೆ ಹಾಕುವ ಬರೆದವರ ಹೆಸರು, ಎಣಿಸಿ. ಒಂದು ಕಾಲೇಜಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸುದ್ದಿ ಮೂರ‍್ನಾಲ್ಕು ಹೆಸರಲ್ಲೇ ಇತ್ತು. ಉಳಿದವರು ದುಡ್ಡು ಕಟ್ಟಿದ ಪ್ರೇಕ್ಷಕರು. ಮುಖಪುಟದ ತುಂಬ ಅತಿಥಿಗಳ ಭಾಷಣವಾ, ಅಥವಾ ಯಾರಾದರೂ ಹೊರಗೆ ಸುತ್ತಿ ನಾಲ್ಕು ಜನರನ್ನು ಮಾತಾಡಿಸಿದ್ದಾರಾ? ಹಾಸ್ಟೆಲ್ ನೀರು, ಶುಲ್ಕ ಏರಿಕೆ ಅಂತ ಕಾಲೇಜಿನ ಮೇಲೆಯೇ ಒಂದು ಸುದ್ದಿ ಇದೆಯಾ? ಹಿಂದಿನ ಸಂಚಿಕೆಯ ತಪ್ಪಿಗೆ ತಿದ್ದುಪಡಿ ಹಾಕಿದ್ದಾರಾ? ಈ ಕೊನೆಯ ಎರಡೂ ಇದ್ದ ಕಾಲೇಜು ನನಗೆ ಸಿಕ್ಕಿದ್ದು ಒಂದೇ. ಹಳೇ ಕಟ್ಟಡ, ಕಂಪ್ಯೂಟರ್ ಇನ್ನೂ ಹಳೇದು.

ಇದೇನು ಹೊಸ ಹುಚ್ಚಲ್ಲ. ಅಮೆರಿಕದ ಮಿಸೌರಿ ಪತ್ರಿಕೋದ್ಯಮ ಶಾಲೆ 1908ರ ಸೆಪ್ಟೆಂಬರ್ 14ರಂದು ತರಗತಿ ಶುರು ಮಾಡಿತು. ಅವತ್ತೇ ವಿದ್ಯಾರ್ಥಿಗಳ ಪತ್ರಿಕೆಯೂ ಅಚ್ಚಾಗಿ ಬಂತು. ಮೊದಲು ಪಾಠ ಮುಗಿಯಲಿ ಅಂತ ಅವರು ಕಾಯಲಿಲ್ಲ.

ದುಡ್ಡಿನ ಲೆಕ್ಕಕ್ಕೆ ನಾನೇ ಒಂದು ಅಳತೆ ಮಾಡಿಕೊಂಡೆ. ಶುಲ್ಕ, ಊಟ, ವಸತಿ ಎಲ್ಲ ಸೇರಿಸಿ, ಮೇಷ್ಟ್ರು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದುವ ವರದಿಗಳ ಸಂಖ್ಯೆಯಿಂದ ಭಾಗಿಸಿದೆ. ಸಂಖ್ಯೆ ಕೊಟ್ಟವರು ಕೊನೇ ವರ್ಷದವರು. ಗಾಜಿನ ಸ್ಟುಡಿಯೋದಲ್ಲಿ ವರ್ಷಕ್ಕೆ ಐದಾರು. ಹಳೇ ಕಟ್ಟಡದಲ್ಲಿ ನಲವತ್ತರ ಆಸುಪಾಸು. ಅಂದರೆ ತಿದ್ದಿದ ಒಂದು ಕಾಪಿಗೆ ಅಲ್ಲಿ ಬೀಳುವ ಖರ್ಚು ಇಲ್ಲಿನದರ ಇಪ್ಪತ್ತು ಪಟ್ಟಿನಷ್ಟು. ಈ ಲೆಕ್ಕ ತೋರಿಸಿದ ಮೇಲೆ ಮನೆಯವರ ನಗು ನಿಂತಿತು.

ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಎರಡೂ ಕಡೆಯ ಕೆಲವು ವಿದ್ಯಾರ್ಥಿಗಳಿಗೆ ಒಂದೇ ಪತ್ರಿಕಾ ಪ್ರಕಟಣೆ ಕೊಟ್ಟು ಸುದ್ದಿ ಬರೆಯಿರಿ ಅಂದೆ. ಸ್ಟುಡಿಯೋದವರು ಹತ್ತೇ ನಿಮಿಷದಲ್ಲಿ ನೀಟಾಗಿ ಬರೆದುಕೊಟ್ಟರು. ಪ್ರಕಟಣೆಯ ವಾಕ್ಯಗಳೇ ಹಿಂದೆ ಮುಂದೆ ಆಗಿದ್ದವು. ಹಳೇ ಕಟ್ಟಡದ ಕಡೆಯ ಒಬ್ಬ ಹುಡುಗಿ ಬರೆಯಲೇ ಇಲ್ಲ. "ಕಳಿಸಿದವರ ನಂಬರ್ ಕೊಡಿ, ಎರಡನೇ ಪ್ಯಾರಾದ ಲೆಕ್ಕ ಕೂಡುತ್ತಿಲ್ಲ" ಅಂದಳು. ನನಗೆ ಅಷ್ಟು ಸಾಕಾಯಿತು.

ವಿಭಾಗದ ಲೈಬ್ರರಿಯಲ್ಲಿ ಕೇಳುವ ಇನ್ನೊಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯಲ್ಲ. ಕಾಲೇಜಿನವರೂ ಓದುತ್ತಾರೆ, ಉತ್ತರ ರೆಡಿ ಮಾಡಿಟ್ಟುಕೊಳ್ಳುತ್ತಾರೆ.

ಟಿವಿ ಕಡೆ ಹೋಗುವವರು ಜರ್ನಲ್ ಬದಲು ಬುಲೆಟಿನ್ ಕೇಳಿ. ಕೊನೆಯಲ್ಲಿ ಓಡುವ ಹೆಸರುಗಳನ್ನು ಬರೆದುಕೊಳ್ಳಿ. ಕ್ಯಾಮೆರಾಕ್ಕೂ ಎಡಿಟಿಂಗಿಗೂ ಪ್ರತಿ ಸಲ ಒಂದೇ ಹೆಸರು ಬಂದರೆ ಆ ವಿದ್ಯಾರ್ಥಿ ಭಾರೀ ಚುರುಕು ಅಂತ ಹಿಗ್ಗಬೇಡಿ, ಯಾವ ಬ್ಯಾಚಿನವರು ಅಂತ ಕೇಳಿ. ನಾನು ಕೇಳಿದಾಗ ಗೊತ್ತಾಗಿದ್ದು, ಆತ ಸಂಬಳ ತಗೊಳ್ಳುವ ಸ್ಟುಡಿಯೋ ಟೆಕ್ನಿಷಿಯನ್.