ಕಾರ್ಬೈಡ್ ಸಾಣೆಗೆ ಒಡೆಯುವ ಹರಳೇ ಬೇಕು: ನನ್ನ ಅನುಭವ

ಸಾಣೆ ವೀಲಿನಲ್ಲಿ ಗಟ್ಟಿ ಡೈಮಂಡ್ ಹರಳಿದ್ದರೆ ವೀಲ್ ಜಾಸ್ತಿ ಬಾಳುತ್ತೆ ಅಂತ ನಾನೂ ನಂಬಿದ್ದೆ. ಆ ನಂಬಿಕೆಗೆ ವೀಲ್ ಲೆಕ್ಕದಲ್ಲೇ 40 ಸಾವಿರ ಹತ್ತಿರ ಹೋಯಿತು.

ಪೀಣ್ಯದಲ್ಲಿ ನನ್ನದು ಚಿಕ್ಕ ಶೆಡ್. ಲೋಹ ಕೊಯ್ಯೋಕೆ ಬಳಸುವ ತುಂಬ ಗಟ್ಟಿ ಕಾರ್ಬೈಡಿನ ಎಂಡ್‌ಮಿಲ್ (ಪಕ್ಕದಿಂದಲೂ ಕೊಯ್ಯುವ ಕಟರ್), ಡ್ರಿಲ್, ಸ್ಟೀಲ್ ಹಿಡಿಗೆ ಕಾರ್ಬೈಡ್ ತುದಿ ಬೆಸೆದ, ಅಂದರೆ ಬ್ರೇಜ್ ಮಾಡಿದ ಟೂಲ್‌ಗಳಿಗೆ ಸಾಣೆ ಹಿಡಿಯುವ ಜಾಬ್‌ವರ್ಕ್. ಒಂದು ಸಲ ಆರು ರೆಸಿನ್ ಬಾಂಡ್ ಕಪ್ ವೀಲ್ (ಡೈಮಂಡ್ ಹರಳನ್ನು ರೆಸಿನ್ನಿನಲ್ಲಿ ಕೂರಿಸಿದ ಬಟ್ಟಲಾಕಾರದ ವೀಲ್) ತರಿಸಿದೆ. ಕಲ್ಲು ಕೊಯ್ಯುವ ಬ್ಲೇಡಿಗೆ ಹಾಕುವ ಜಾತಿಯ ಹರಳು, "ಫಸ್ಟ್ ಕ್ವಾಲಿಟಿ" ಅಂದಿದ್ದರು. ಮೊದಲ ನಾಲ್ಕೈದು ಟೂಲ್ ಬೆಣ್ಣೆ ಕೊಯ್ದ ಹಾಗೆ. ಆಮೇಲೆ ವೀಲ್ ಮುಖ ಕನ್ನಡಿಯಾಯಿತು. ಸ್ಪಿಂಡಲ್ ಆಂಪ್ ಏರಿತು, ರೆಸಿನ್ ಸುಟ್ಟ ವಾಸನೆ ಬಂತು. ಎರಡು ಮೂರು ಟೂಲಿಗೊಮ್ಮೆ ಡ್ರೆಸಿಂಗ್ ಸ್ಟಿಕ್ (ವೀಲ್ ಮುಖ ಉಜ್ಜಿ ಹರಳು ಹೊರಗೆ ತರುವ ಕಲ್ಲು) ಹಿಡಿಯಬೇಕಾಯಿತು. ಒಂದು ಪಾರ್ಟಿಯ ಹನ್ನೆರಡು ಎಂಡ್‌ಮಿಲ್ ಕೂದಲೆಳೆ ಬಿರುಕು ಬಿಟ್ಟು ವಾಪಸ್ ಬಂದವು. ಅದರ ದುಡ್ಡೂ ನನ್ನ ತಲೆಗೇ.

ಸ್ಪೀಡ್ ಇಳಿಸಿದೆ, ಕೂಲಂಟ್ ಬದಲಿಸಿದೆ. ಗ್ರಿಟ್, ಅಂದರೆ ಹರಳಿನ ಗಾತ್ರ, 126ರಿಂದ ಇನ್ನೂ ಸಣ್ಣ 64ಕ್ಕೆ ಹೋದೆ, ಬಿಸಿ ಇನ್ನೂ ಜಾಸ್ತಿ! ಕೊನೆಗೆ ಮೊಬೈಲ್ ರಿಪೇರಿ ಅಂಗಡಿಯ ಮೈಕ್ರೋಸ್ಕೋಪ್ ಕೆಳಗೆ ವೀಲ್ ಇಟ್ಟು ನೋಡಿದೆ. ಹರಳುಗಳು ಕಲ್ಲುಸಕ್ಕರೆ ತರ ನುಣುಪು. ತುದಿ ಚಪ್ಪಟೆಯಾಗಿತ್ತು, ಆದರೆ ಒಂದೂ ಒಡೆದಿರಲಿಲ್ಲ. ನಡುನಡುವೆ ಬರೀ ಗುಳಿ. ನುಣುಪು ಮೈಗೆ ರೆಸಿನ್ ಹಿಡಿತ ಸಾಲದೆ ಇಡೀ ಹರಳೇ ಕಳಚಿ ಬಿದ್ದಿತ್ತು.

ಹಾಗಾಗಿ ಜಲ್ಲಿ ತರ ಅಂಕುಡೊಂಕಾದ, ಸುಲಭಕ್ಕೆ ಒಡೆಯುವ ಹರಳಿನ ವೀಲ್ ಕೇಳಿದೆ. ಹರಳಿನ ಮೇಲೆ ನಿಕ್ಕಲ್ ಲೇಪ, ಲೇಪ ಸೇರಿದ ಹರಳಿನ ತೂಕದಲ್ಲಿ 56% ನಿಕ್ಕಲ್ಲೇ. ಪಕ್ಕದ ಶೆಡ್ಡಿನ ಯಜಮಾನರು ನಕ್ಕರು: "ಏನಪ್ಪಾ, ಪುಡಿಯಾಗೋ ಡೈಮಂಡಿಗೆ ದುಡ್ಡು ಕೊಡ್ತೀಯಾ?" ಕೊಟ್ಟೆ. ಪುಡಿಯಾಗುವುದೇ ಬೇಕಿತ್ತು. ತುದಿ ಮೊಂಡಾದರೆ ಚೂರು ಮುರಿದು ಹೊಸ ಅಂಚು ಬರುತ್ತೆ. ಒರಟು ನಿಕ್ಕಲ್ಲನ್ನು ರೆಸಿನ್ ಕಚ್ಚಿ ಹಿಡಿಯುತ್ತೆ. ಈಗ ಡ್ರೆಸಿಂಗ್ 25-30 ಟೂಲಿಗೊಮ್ಮೆ. ಟೂಲಿಗೆ ವೀಲ್ ಖರ್ಚು 35 ರೂಪಾಯಿಯಿಂದ 15ರ ಆಸುಪಾಸಿಗೆ ಇಳಿದಿದೆ. ಮೊದಲು ಡೈಮಂಡಿನ ಮುಕ್ಕಾಲು ಭಾಗ ಡ್ರೆಸಿಂಗ್ ಸ್ಟಿಕ್ಕಿನಲ್ಲೇ ಸವೆದು ಹೋಗುತ್ತಿತ್ತು, ಅಷ್ಟೇ.

ಇದೇ ವೀಲಿನಲ್ಲಿ ಸುಮ್ನೆ ಒಂದು ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಡ್ರಿಲ್ಲೂ ಹಿಡಿದು ನೋಡಿದೆ. ಬೇಡ. ಬಿಸಿ ಕಬ್ಬಿಣ ಡೈಮಂಡನ್ನು ತಿಂದು ಹಾಕುತ್ತೆ, ಅದಕ್ಕೆ ಸಿಬಿಎನ್ (ಬೋರಾನ್ ನೈಟ್ರೈಡ್ ಹರಳು) ವೀಲ್ ಸರಿ. ಬ್ರೇಜ್ ಟೂಲಾದರೆ ಶ್ಯಾಂಕಿನ (ಹಿಡಿಯ) ಸ್ಟೀಲನ್ನು ಮೊದಲು ಬಿಳಿ (ಅಲ್ಯೂಮಿನಿಯಂ ಆಕ್ಸೈಡ್) ವೀಲಿನಲ್ಲಿ ತೆಗೆದುಬಿಡಿ. ಕಲ್ಲುಸಕ್ಕರೆ ಹರಳು ಕೆಟ್ಟದ್ದೇನಲ್ಲ. ರೆಸಿನ್ ಬದಲು ಲೋಹದಲ್ಲಿ ಹರಳು ಕೂರಿಸಿದ ಮೆಟಲ್ ಬಾಂಡ್ ವೀಲಿನಲ್ಲಿ ಫ್ಲೂಟ್ (ಟೂಲಿನ ಉದ್ದದ ತೋಡು) ತೆಗೆಯೋಕೆ ಅದನ್ನೇ ಹಾಕಿದೆ, ಚೆನ್ನಾಗಿ ನಡೀತಿದೆ. ಹಿಡಿತ ಗಟ್ಟಿ ಇದ್ದರೆ ಹರಳೂ ಗಟ್ಟಿ ಇರಬಹುದು.

ಹೊಸ ವೀಲಿಗೆ ಮೊದಲ ಸ್ಟಿಕ್ ಯಾವುದು, ಹೇಗೆ ಕೊಡುತ್ತೇನೆ ಅನ್ನೋದು ಮಾತ್ರ ಹೇಳಲ್ಲ. ಹೊಟ್ಟೆಪಾಡು, ಅಲ್ವಾ?

ಹಳೇ ವೀಲ್ ಎರಡು ಇನ್ನೂ ಮೊಳೆಗೆ ನೇತಾಡುತ್ತಿವೆ. ಗುಜರಿಯವನು ಅಲ್ಯೂಮಿನಿಯಂ ಬಾಡಿಗೆ ಮಾತ್ರ ದುಡ್ಡು ಕೊಡ್ತಾನಂತೆ.