ವಾಡೆಯ ಚರಿತ್ರೆಗೆ ಬಾವಿಯೇ ಬಾಗಿಲು

ಹಳೇ ವಾಡೆಯ, ಅಂದರೆ ದೇಸಾಯರಂಥ ದೊಡ್ಡ ಮನೆತನದವರ ಮನೆಯ, ಚರಿತ್ರೆ ಬರೆಯಲು ಹೊರಟವರು ಸಾಮಾನ್ಯವಾಗಿ ಹೆಬ್ಬಾಗಿಲಿನ ಮುಂದೆ ನಿಲ್ಲುತ್ತಾರೆ. ಕೆತ್ತನೆಯ ಚೌಕಟ್ಟು, ದಿಡ್ಡಿ ಬಾಗಿಲು, ಸಾಗವಾನಿ ಕಂಬ ಎಲ್ಲದರ ಫೋಟೊ ತೆಗೆಯುತ್ತಾರೆ. ನಾನು ಹಿತ್ತಲಿನ ಬಾವಿಯಿಂದ ಶುರು ಮಾಡಿದೆ.

ಅದು ಬಾಗಲಕೋಟೆ ಜಿಲ್ಲೆಯಲ್ಲಿ ಘಟಪ್ರಭಾ ನದಿಗೆ ಹತ್ತಿರದ ಒಂದು ಊರಿನ ದೇಸಾಯರ ವಾಡೆ. ಮನೆಯವರು ಬೇಡ ಅಂದಿದ್ದಕ್ಕೆ ಊರಿನ ಹೆಸರು ಬರೆಯುತ್ತಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ಅಲ್ಲಿದ್ದ ನಮ್ಮ ಸೋದರಮಾವನ ಮನೆಯ ಒಂದು ನಕ್ಷೆ ಕೂಡ ನಮ್ಮಲ್ಲಿ ಉಳಿದಿಲ್ಲ. ಆ ಸಂಕಟವೇ ನನ್ನನ್ನು ಈ ಕೆಲಸಕ್ಕೆ ಹಚ್ಚಿತು.

ಬಾವಿಯೇ ಯಾಕೆ? ನಮ್ಮದು ಮಳೆ ಕಡಿಮೆ ಇರುವ ಸೀಮೆ. ಇಲ್ಲಿ ಹೂದೋಟ ಇತ್ತು ಅಂದರೆ ಯಾರೋ ದಿನಾ ನೀರು ಎತ್ತಿದ್ದಾರೆ ಅಂತಲೇ ಅರ್ಥ. ಎತ್ತಿದ ನೀರು ಹೋದ ದಾರಿ ಎಲ್ಲೋ ಗುರುತು ಬಿಟ್ಟಿರಲೇಬೇಕು, ಅಲ್ವಾ? ವಿಜಯಪುರದಲ್ಲಿ ಇದನ್ನು ದೊಡ್ಡದಾಗಿ ನೋಡಬಹುದು. ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನ ನೀರು ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ಪೇಟೆಗೆ ಬರುತ್ತಿತ್ತು. ದಾರಿಯಲ್ಲಿ ಗಂಜ್ ಅನ್ನುವ ಕಲ್ಲಿನ ಗೋಪುರಗಳು. ನೀರಿನ ಒತ್ತಡ ಅಲ್ಲಿ ತಗ್ಗುತ್ತಿತ್ತು, ಹೊಲಸು ತಳಕ್ಕೆ ಕೂರುತ್ತಿತ್ತು. ವಿಜಯಪುರದ ಹತ್ತಿರದ ಕುಮಟಗಿಯ ಬೇಸಿಗೆ ಮಹಲಿನಲ್ಲಿ ಇದೇ ಜಾಣ್ಮೆ ಸುಖಕ್ಕೆ ಬಳಕೆಯಾಗಿದೆ. ಎತ್ತರದಲ್ಲಿ ಕೂಡಿಟ್ಟ ನೀರು ಕೊಳವೆ ಹಿಡಿದು ಬಂದು ಮಂಟಪದ ಮಾಡಿನಿಂದ ತುಂತುರಾಗಿ ಬೀಳುವ ವ್ಯವಸ್ಥೆ ಅಲ್ಲಿತ್ತು. ವಾಡೆಯ ಕೆಲಸಕ್ಕೆ ಮೊದಲು ಇವೆರಡನ್ನೂ ನಿಧಾನವಾಗಿ ನೋಡಿ ಬಂದೆ. ಹಳೇ ಮಣ್ಣಿನ ಕೊಳವೆ ಹೇಗಿರುತ್ತದೆ, ಅದರ ಸುತ್ತ ಗಾರೆ ಹೇಗೆ ಬಿಗಿದಿರುತ್ತಾರೆ ಅನ್ನುವುದು ಕಣ್ಣಿಗೆ ಹತ್ತಿತು.

ವಾಡೆಯ ಬಾವಿಯ ದಂಡೆಯಲ್ಲಿ ಒಂದು ಕರಿಕಲ್ಲು ಇದೆ. ಅದರ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರು ಹೆಬ್ಬೆರಳು ಮುಳುಗುವಷ್ಟು ಆಳ. ಎತ್ತು ಹೂಡಿ ತೊಗಲಿನ ಚೀಲದಲ್ಲಿ ನೀರೆತ್ತುವ ಮೋಟ ನಡೆದ ಜಾಗ ಅದು. ಪಕ್ಕದ ಗೋಡೆಯ ತಲೆಯ ಮೇಲೆ ಸಣ್ಣ ತೊಟ್ಟಿ. ಅದರ ತಳದಲ್ಲಿ ಮಣ್ಣಿನ ಕೊಳವೆಯ ಬಾಯಿ. ಒಳಗೆ ಬೆರಳು ಹಾಕಿದರೆ ಸವಳು ನೀರಿನ ಬಿಳೀ ಹೆಕ್ಕಳ ಕೈಗೆ ಹತ್ತಿತು. ವರ್ಷಗಟ್ಟಲೆ ನೀರು ಹರಿಯದೆ ಅಷ್ಟು ದಪ್ಪ ಕೂರುವುದಿಲ್ಲ.

ಊರಿನ ಗೌಂಡಿಯೊಬ್ಬರನ್ನು ಕರೆದುಕೊಂಡು ಲೆವೆಲ್ ಪೈಪ್ ಹಿಡಿದೆವು. ಮನೆ ಕಟ್ಟುವಾಗ ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಪೈಪ್, ಅಷ್ಟೆ. ತೊಟ್ಟಿಯಿಂದ ಹಿತ್ತಲಿನ ಮೂಲೆವರೆಗೆ ಇಳಿಜಾರು ಅಳೆದು ಗ್ರಾಫ್ ಹಾಳೆಯ ಮೇಲೆ ಗುರುತು ಹಾಕುತ್ತಾ ಹೋದೆ. ಗೆರೆ ನೇರವಾಗಿ ಮಣ್ಣು ತುಂಬಿದ ಒಂದು ಎಂಟು ಮೂಲೆಯ ಕಟ್ಟೆಗೆ ಬಂತು. ಮನೆಯವರು ಅದನ್ನು ತುಳಸಿಕಟ್ಟೆಯ ಅಡಿಪಾಯ ಅಂದುಕೊಂಡಿದ್ದರು. ಅದು ಕಾರಂಜಿಯ ಹೊಂಡ.

ವಿಜಯಪುರಕ್ಕೆ ಹೋಗುವ ಸುರಂಗ ಈ ವಾಡೆಯಲ್ಲೂ ಇದೆ ಅಂತ ಊರವರು ಹೇಳುತ್ತಿದ್ದರು. ನಮ್ಮ ಕಡೆ ಸುರಂಗದ ಕತೆ ಇಲ್ಲದ ವಾಡೆಯೇ ಇಲ್ಲ. ಇಲ್ಲಿ ಅದರ ಬಾಯಿ ಸಿಕ್ಕಿತು. ಫರಸಿ ಕಲ್ಲು ಮುಚ್ಚಿದ ಕಾಲುವೆ, ಮಗು ಮಾತ್ರ ತೂರಬಹುದಾದಷ್ಟು. ಹೊಂಡದ ಹೆಚ್ಚುವರಿ ನೀರನ್ನು ಗೋಡೆಯಾಚೆಯ ತೋಟಕ್ಕೆ ಬಿಡುವ ದಾರಿ. ಕತೆಗಿಂತ ಇದು ನನಗೆ ಜಾಸ್ತಿ ಖುಷಿ ಕೊಟ್ಟಿತು. ಒಂದು ಹನಿಯನ್ನೂ ಕೆಡಿಸದ ಜನ ಅವರು.

ಆಮೇಲೆ ಕಾಗದಪತ್ರ. ಇಲ್ಲಿ ಒಂದು ಮಾತು. ಹಳೇ ದಾಖಲೆಗಳನ್ನು ಬಾಗಲಕೋಟೆ ಜಿಲ್ಲೆ ಅಂತ ಹುಡುಕಿದರೆ ಸಿಗುವುದಿಲ್ಲ. ಅದು ಮುಂಬೈ ಪ್ರಾಂತ್ಯದ ಕಲಾದಗಿ ಜಿಲ್ಲೆ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಹೋಯಿತು, ಆಗಿನಿಂದ ವಿಜಾಪುರ ಜಿಲ್ಲೆ. ಬಾಗಲಕೋಟೆ ಬೇರೆಯಾಗಿದ್ದು 1997ರಲ್ಲಿ.

ಈಗಿನ ಉತಾರ, ಅಂದರೆ ಜಮೀನಿನ ಪಹಣಿಯಿಂದ ಹಿಂದೆ ಹಿಂದೆ ಹೋದೆ. ಬ್ರಿಟಿಷರ ಸರ್ವೆಯಲ್ಲಿ ಜಮೀನನ್ನು ಜಿರಾಯತ (ಮಳೆ ನಂಬಿದ ಒಣ ಜಮೀನು), ಬಾಗಾಯತ (ನೀರುಣಿಸುವ ತೋಟದ ಜಮೀನು) ಅಂತ ಬೇರೆ ಮಾಡುತ್ತಿದ್ದರು. ಬಾಗಾಯತದಲ್ಲೂ ಬಾವಿ ನೀರಿನದು ಮೋಟಸ್ಥಳ, ಕಾಲುವೆ ನೀರಿನದು ಪಾಟಸ್ಥಳ. ತೋಟದ ಚರಿತ್ರೆ ಹುಡುಕುವವರಿಗೆ ಈ ಒಂದು ಕಾಲಂ ಬಂಗಾರ. ಆಗಿನ ಕಂದಾಯ 30 ವರ್ಷಕ್ಕೆ ನಿಗದಿಯಾಗುತ್ತಿತ್ತು. ಹಾಗಾಗಿ ಮೊದಲ ಸರ್ವೆ ಮತ್ತು ಅದರ ಮುಂದಿನದನ್ನು ಪಕ್ಕಪಕ್ಕ ಇಟ್ಟೆ. ಮೊದಲನೆಯದರಲ್ಲಿ ಮೋಟಸ್ಥಳ, ಎರಡನೆಯದರಲ್ಲಿ ಜಿರಾಯತ. ನಡುವೆ 1876-78ರ ಭೀಕರ ಬರ. ಕಲಾದಗಿ ಜಿಲ್ಲೆಯನ್ನು ಅದು ಹಿಂಡಿಹಾಕಿತ್ತು. ಎತ್ತು ಸತ್ತರೆ ಮೋಟ ಯಾರು ಎಳೆಯಬೇಕು? ತೋಟ ಒಣಗಿದ್ದು ಆಗಲೇ ಅಂತ ನಾನು ತಿಳಿದಿದ್ದೇನೆ.

ಪೇಶ್ವೆ ಕಾಲದ ಕಾಗದಗಳು ಮೋಡಿ ಲಿಪಿಯಲ್ಲಿವೆ. ಪೆನ್ನು ಎತ್ತದೆ ಬರೆದ ಅಕ್ಷರ, ಓದಲು ತಾಳ್ಮೆ ಬೇಕು. ಬಲ್ಲವರ ಪಕ್ಕ ಕೂತು ಕಲಿತೆ. ಮೊದಲು ತಾರೀಖು ಬಿಡಿಸುವುದನ್ನು ಕಲಿಯಿರಿ. ವರ್ಷವನ್ನು ಅರಬ್ಬಿ ಸಂಖ್ಯೆಗಳ ಹೆಸರಿನಲ್ಲಿ ಬರೆದಿರುತ್ತಾರೆ. ‘ಇಸನ್ನೆ ಸಬೈನ್ ಮಯಾ ವ ಅಲಫ್’ ಅಂದರೆ ಎರಡು, ಎಪ್ಪತ್ತು, ನೂರು, ಸಾವಿರ. ಕೂಡಿಸಿದರೆ 1172. ಅದಕ್ಕೆ 599 ಸೇರಿಸಿದರೆ ನಮ್ಮ ಇಸವಿ ಸಿಗುತ್ತದೆ: 1771ರ ಮಧ್ಯದಿಂದ ಮುಂದಿನ ಒಂದು ವರ್ಷ.

ತೋಟದಲ್ಲಿ ಏನು ಬೆಳೆಯುತ್ತಿದ್ದರು ಅನ್ನುವುದು ಯಾವ ಕಾಗದದಲ್ಲೂ ಸಿಗಲಿಲ್ಲ. ಅದನ್ನು ಹೇಳಿದ್ದು ತೋಟ ನೋಡಿಕೊಳ್ಳುತ್ತಿದ್ದ ಮನೆತನದ ಒಬ್ಬ ಅಜ್ಜಿ. ನಾನು ಹೂದೋಟ ಹೂದೋಟ ಅನ್ನುತ್ತಿದ್ದರೆ ಆಕೆ ತಡೆದರು: “ತಮ್ಮಾ, ಹೂವು ಕಾರಂಜಿ ಸುತ್ತ ಅಷ್ಟ. ಗ್ವಾಡಿ ಆಚಿಗೆ ಎಲಿಬಳ್ಳಿ ತ್ವಾಟ ಇತ್ತಂತ, ನಮ್ಮತ್ತಿ ಹೇಳ್ತಿದ್ಲು. ಚೊಗಚಿ ಗಿಡಕ್ಕ ಬಳ್ಳಿ ಹಬ್ಬಸ್ತಿದ್ರಂತ.” ಗೋಡೆಯಾಚೆ ಸಾಲಾಗಿ ಕಾಣುವ ಸಣ್ಣ ಬದುಗಳು ಯಾಕಿವೆ ಅನ್ನುವುದು ಆಗ ತಿಳಿಯಿತು. ಎಲೆಬಳ್ಳಿಗೆ, ಅಂದರೆ ವೀಳ್ಯದೆಲೆಯ ಬಳ್ಳಿಗೆ, ಬೇರಿನಲ್ಲಿ ಸದಾ ತಂಪು ಬೇಕು. ಫರಸಿ ಕಾಲುವೆ ಹೋಗುವುದೂ ಅಲ್ಲಿಗೇ.

ಈಗ ನಕ್ಷೆಯ ಒಂದು ಪ್ರತಿ ಮನೆಯವರ ಹತ್ತಿರ ಇದೆ. ಹಿತ್ತಲಿಗೆ ಕಾಂಕ್ರೀಟ್ ಹಾಕಿಸುವ ಯೋಚನೆ ಇತ್ತು, ಕೊಳವೆ ಹೋಗುವ ಪಟ್ಟಿಯಷ್ಟು ಜಾಗ ಬಿಟ್ಟು ಹಾಕಿಸಲು ಒಪ್ಪಿದ್ದಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಾವಿಯ ಹೂಳು ತೆಗೆಸಬೇಕು. ಮೆಟ್ಟಿಲ ಪಕ್ಕದ ಕಲ್ಲಿನಲ್ಲಿ ಅಕ್ಷರ ಇದ್ದಂತೆ ಕಾಣುತ್ತದೆ, ಅರ್ಧ ಕೆಸರಿನಲ್ಲಿದೆ.