ಕೂಗದ ಕುಕ್ಕರಿನಲ್ಲಿ ಬಾಡು ಬೇಯಿಸಲು ಕಲಿತದ್ದು

ಬಾಡು ಬೆಂದಿದೆಯೋ ಇಲ್ಲವೋ ಅಂತ ನಾನು ಲೆಕ್ಕ ಹಾಕುತ್ತಿದ್ದದ್ದು ಕುಕ್ಕರಿನ ಕೂಗಿನಿಂದ. ಕೋಳಿಗೆ ಎರಡು, ಕುರಿಗೆ ಐದು, ದನದ ಬಾಡಿಗೆ ಎಂಟೋ ಹತ್ತೋ. ಕೋಲಾರದ ಕಡೆಯಿಂದ ಅಮೆರಿಕದ ಇಂಡಿಯಾನಾಗೆ ಬಂದ ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯವರು ಊರು ಬಿಡುವಾಗ ಒಂದು ಸ್ಲೋ ಕುಕ್ಕರ್ ಕೊಟ್ಟು ಹೋದರು, ಕರೆಂಟಿನಲ್ಲಿ ಗಂಟೆಗಟ್ಟಲೆ ನಿಧಾನ ಬೇಯಿಸುವ ಪಾತ್ರೆ. ಹೊರಗೆ ಲೋಹ, ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಕೂಗುವುದಿಲ್ಲ, ಹಬೆ ಉಗುಳುವುದಿಲ್ಲ. ಎರಡು ತಿಂಗಳು ಅದರಲ್ಲಿ ಈರುಳ್ಳಿ ತುಂಬಿಸಿಟ್ಟಿದ್ದೆ.

ಅದನ್ನು ಕೆಳಗಿಳಿಸಿದ್ದು ಕೆಲಸದ ಜಾಗದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿದ ಮೇಲೆ. ಎಲ್ಲರೂ ಒಂದೊಂದು ಅಡುಗೆ ತಂದಿದ್ದರು. ಒಬ್ಬರು ತಂದದ್ದು ಬೀಫ್ ಆಂಡ್ ನೂಡಲ್ಸ್. ಇಂಡಿಯಾನಾ, ಒಹಾಯೋ, ಅಯೋವಾ ಕಡೆಯ ಮನೆಯೂಟ ಇದು. ಹಳೇ ಕಾಲದ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದ ಅಮಿಶ್ ಜನರ ಅಡುಗೆಯಲ್ಲೂ ಇದಕ್ಕೆ ದೊಡ್ಡ ಜಾಗ. ಎಳೆ ಎಳೆಯಾಗಿ ಬಿಡುವಷ್ಟು ಬೆಂದ ಮಾಂಸ, ದಪ್ಪ ರಸ, ಅದರಲ್ಲಿ ಅಗಲವಾದ ಮೊಟ್ಟೆ ನೂಡಲ್ಸ್. ಇಷ್ಟೂ ಸಾಲದು ಅಂತ ಅದನ್ನು ಬಡಿಸುವುದು ಹಿಸುಕಿದ ಆಲೂಗೆಡ್ಡೆಯ ಮೇಲೆ! ಗೆಡ್ಡೆಯ ಮೇಲೆ ಹಿಟ್ಟು, ಇದೇನು ಊಟ ಅಂತ ಮನಸ್ಸಲ್ಲೇ ನಕ್ಕೆ. ಆಮೇಲೆ ಹೊಳೆಯಿತು, ಮಸಾಲೆ ದೋಸೆ ಒಳಗಿರುವುದೂ ಆಲೂಗೆಡ್ಡೆಯೇ ಅಲ್ವಾ.

ನನ್ನ ಮೊದಲ ಪ್ರಯತ್ನ ಪೂರ್ತಿ ಹಾಳಾಯಿತು. ಕೊಬ್ಬಿಲ್ಲದ, ನೋಡಲು ಚೆಂದದ ತುಂಡುಗಳನ್ನು ಆರಿಸಿ ತಂದೆ. ಎಂಟು ಗಂಟೆ ಬೇಯಿಸಿದೆ. ಬಾಯಿಗಿಟ್ಟರೆ ಒಣ ನಾರು. ತಪ್ಪು ನನ್ನದೇ. ಸ್ಲೋ ಕುಕ್ಕರಿಗೆ ಬೇಕಾದ್ದು ದನ ಜಾಸ್ತಿ ದುಡಿಸುವ ಭಾಗ. ಇಲ್ಲಿ ಚಕ್ ಅನ್ನುತ್ತಾರೆ, ಭುಜದ ಕಡೆಯದು. ಅದರ ತುಂಬ ಬಿಳಿ ಪೊರೆ, ಕೊಲಾಜನ್. ಒಳಗಿನ ಬಿಸಿ 70 ಡಿಗ್ರಿ ಸೆಲ್ಸಿಯಸ್ ದಾಟಿ ಗಂಟೆಗಟ್ಟಲೆ ಹಾಗೇ ನಿಂತರೆ ಆ ಪೊರೆ ಕರಗಿ ಜೆಲಟಿನ್ ಆಗುತ್ತದೆ. ತುಟಿಗೆ ಅಂಟುವ ಆ ರಸ ಬರುವುದು ಅದರಿಂದ. ನಮ್ಮ ಕಾಲು ಸೂಪು ಅಂಟುವುದೂ ಇದೇ ಕಾರಣಕ್ಕೆ. ಕರಗಲು ಪೊರೆಯೇ ಇಲ್ಲದ ಮಾಂಸ ಎಷ್ಟು ಹೊತ್ತು ಬೆಂದರೂ ಒಣಗುತ್ತದೆ, ಅಷ್ಟೆ.

ಈಗ ಮಾಡುವ ರೀತಿ ಹೇಳುತ್ತೇನೆ. ಒಂದೂಕಾಲು ಕಿಲೋ ಚಕ್ ತರುತ್ತೇನೆ, ಇಡೀ ತುಂಡು. ಅಂಗೈ ಅರ್ಧದಷ್ಟು ದೊಡ್ಡ ಹೋಳು ಮಾಡಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಉಪ್ಪು, ಕುಟ್ಟಿದ ಮೆಣಸು ಹಚ್ಚುತ್ತೇನೆ. ಫ್ರೀಜರಿನಿಂದ ತೆಗೆದ ಗಟ್ಟಿ ಮಾಂಸವನ್ನು ನೇರವಾಗಿ ಹಾಕಬೇಡಿ. ಈ ಕುಕ್ಕರ್ ಬಿಸಿಯಾಗುವುದೇ ನಿಧಾನ. ಮಾಂಸ ಬೆಚ್ಚಗಿನ ಹದದಲ್ಲೇ ಜಾಸ್ತಿ ಹೊತ್ತು ಉಳಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ.

ಆಮೇಲೆ ಕಬ್ಬಿಣದ ಬಾಣಲೆ. ಚೆನ್ನಾಗಿ ಕಾಯಿಸಿ, ಹೋಳುಗಳನ್ನು ಎರಡೂ ಮಗ್ಗುಲು ಕಂದು ಬರುವ ತನಕ ಹುರಿಯುತ್ತೇನೆ. ಸ್ಲೋ ಕುಕ್ಕರ್ ಇರುವುದೇ ಕೆಲಸ ಕಮ್ಮಿ ಮಾಡಲು, ಹುರಿಯುವುದು ಯಾಕೆ ಅಂತ ನಾನೂ ಕೇಳಿದ್ದೆ. ಹುರಿಯದೆಯೂ ಒಮ್ಮೆ ಮಾಡಿ ನೋಡಿದೆ. ಬೆಂದಿತ್ತು, ಆದರೆ ಬೂದು ಬಣ್ಣ, ಸಪ್ಪೆ ವಾಸನೆ. ಆ ಪಾತ್ರೆಯೊಳಗೆ ಬಿಸಿ 100 ಡಿಗ್ರಿ ದಾಟುವುದೇ ಇಲ್ಲ. ಹುರಿದ ಘಮ ಹುಟ್ಟಲು ಸುಮಾರು 140 ಆದರೂ ಬೇಕು. ಅದು ಬಾಣಲೆಯಲ್ಲೇ ಆಗಬೇಕು. ಹತ್ತು ನಿಮಿಷದ ಕೆಲಸ, ಬಿಡಬೇಡಿ.

ಅದೇ ಬಾಣಲೆಗೆ ಎರಡು ಈರುಳ್ಳಿ, ಐದು ಎಸಳು ಬೆಳ್ಳುಳ್ಳಿ, ಒಂದು ಚಮಚ ಟೊಮೇಟೊ ಪೇಸ್ಟ್. ಸ್ವಲ್ಪ ನೀರು ಬಿಟ್ಟು, ತಳ ಹಿಡಿದ ಕಂದನ್ನು ಕೆರೆದು ಎಬ್ಬಿಸಬೇಕು. ರುಚಿಯೆಲ್ಲ ಅದರಲ್ಲಿದೆ. ಕುಕ್ಕರಿನ ತಳಕ್ಕೆ ಮೂರು ಕ್ಯಾರೆಟ್, ಎರಡು ದಂಟು ಸೆಲರಿ. ಇದರಲ್ಲಿ ಗಟ್ಟಿ ತರಕಾರಿ ಮಾಂಸಕ್ಕಿಂತ ನಿಧಾನ ಬೇಯುತ್ತದೆ, ಅದಕ್ಕೇ ಅದು ಕೆಳಗೆ. ಮೇಲೆ ಮಾಂಸ, ನಾಲ್ಕು ಕಪ್ ಬೀಫ್ ಸ್ಟಾಕ್ (ದನದ ಮೂಳೆ, ಮಾಂಸ ಬೇಯಿಸಿದ ರಸ), ಒಂದು ಚಮಚ ವೂಸ್ಟರ್ ಸಾಸ್, ಎರಡು ಬೇ ಎಲೆ, ಚಿಟಿಕೆ ಥೈಮ್. ನೀರು ಆವಿಯಾಗಿ ಹೋಗುವುದಿಲ್ಲ, ಹಾಗಾಗಿ ಇದಕ್ಕಿಂತ ಜಾಸ್ತಿ ಬಿಡಬೇಡಿ. ಒಮ್ಮೆ ಸುಮ್ನೆ ಇರಲಾರದೆ ಎರಡು ಚಮಚ ಸಾರಿನ ಪುಡಿ ಹಾಕಿದ್ದೆ. ಅತ್ತ ಸಾರೂ ಆಗಲಿಲ್ಲ, ಇತ್ತ ಸ್ಟ್ಯೂವೂ ಆಗಲಿಲ್ಲ. ಇದಕ್ಕೆ ಮೆಣಸಿನ ಖಾರವೇ ಸಾಕು.

ಬೆಳಗ್ಗೆ ಆರೂವರೆಗೆ 'ಲೋ'ಗೆ ತಿರುಗಿಸಿ ಹೊರಟರೆ, ಎಂಟು ಗಂಟೆ ಹೊತ್ತು ಬೇಯುತ್ತದೆ. ಲೋ ಅಂದರೆ ಕಡಿಮೆ ಬಿಸಿ, ಹೈ ಅಂದರೆ ಜಾಸ್ತಿ ಬಿಸಿ ಅಂತ ಬಹಳ ದಿನ ಅಂದುಕೊಂಡಿದ್ದೆ. ಸಾಮಾನ್ಯವಾಗಿ ಎರಡೂ ಕೊನೆಗೆ ಮುಟ್ಟುವುದು ಕುದಿಗಿಂತ ಸ್ವಲ್ಪ ಕೆಳಗಿನ ಒಂದೇ ಹಂತವನ್ನು. ಹೈ ಬೇಗ ಮುಟ್ಟುತ್ತದೆ, ಲೋ ನಿಧಾನ. ರಜೆಯ ದಿನ ಮನೆಯಲ್ಲಿದ್ದರೆ ನನಗೆ ಕೈ ತುರಿಸುತ್ತದೆ, ಮುಚ್ಚಳ ಎತ್ತಿ ನೋಡಬೇಕು ಅಂತ. ಒಂದು ಸಲ ಎತ್ತಿದರೆ ಹೋದ ಬಿಸಿ ವಾಪಸ್ ಬರಲು ಇಪ್ಪತ್ತು ನಿಮಿಷವಾದರೂ ಬೇಕು. ಗಾಜಿನ ಮುಚ್ಚಳ ಇರುವುದೇ ಹೊರಗಿನಿಂದ ನೋಡಲಿಕ್ಕೆ.

ಈ ಪಾತ್ರೆಯ ಹಿಂದೆ ಒಂದು ಕಥೆ ಇದೆ. ಇರ್ವಿಂಗ್ ನ್ಯಾಕ್ಸನ್ ಅನ್ನುವವರು 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅವರ ತಾಯಿ ಲಿಥುವೇನಿಯಾದಲ್ಲಿ ಕಳೆದ ದಿನಗಳ ಬಗ್ಗೆ ಹೇಳುತ್ತಿದ್ದರಂತೆ. ಸಂಪ್ರದಾಯಸ್ಥ ಯಹೂದಿಗಳು ಸಬ್ಬತ್ ದಿನ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರದ ತನಕದ ವಿಶ್ರಾಂತಿ ದಿನ, ಒಲೆ ಹಚ್ಚುವುದಿಲ್ಲ. ಅದಕ್ಕೆ ಶುಕ್ರವಾರವೇ ಚೋಲೆಂಟ್ ಅನ್ನುವ ಕಾಳು-ಮಾಂಸದ ಅಡುಗೆಯ ಮಡಕೆಯನ್ನು ಬೇಕರಿಯ ಒಲೆಯಲ್ಲಿ ಇಟ್ಟು ಬರುವುದು, ಆರುವ ಒಲೆಯ ಕಾವಿನಲ್ಲಿ ರಾತ್ರಿಯಿಡೀ ಬೇಯುವುದು. 1971ರಲ್ಲಿ ರೈವಲ್ ಕಂಪನಿ ಅದನ್ನೇ ತಿದ್ದಿ ಕ್ರಾಕ್-ಪಾಟ್ ಅಂತ ಮಾರಿತು. ಕೆಂಡ ಮುಚ್ಚಿ ಅದರ ಮೇಲೆ ಕಾಲು ಸೂಪಿನ ಮಡಕೆ ಇಟ್ಟು ಮಲಗುತ್ತಿದ್ದ ನನ್ನ ಅಜ್ಜಿಗೆ ಇದನ್ನು ಹೇಳಿದ್ದರೆ, ಇದಕ್ಕೆ ಕರೆಂಟ್ ಬೇರೆ ಬೇಕಾ ಅನ್ನುತ್ತಿದ್ದರು.

ನೂಡಲ್ಸ್ ವಿಷಯಕ್ಕೆ ಬರೋಣ. ಎರಡನೇ ಸಲ ಕೆಟ್ಟದ್ದು ಇಲ್ಲೇ. ಬೆಳಗ್ಗೆಯೇ ಎಲ್ಲದರ ಜೊತೆ ನೂಡಲ್ಸೂ ಹಾಕಿ ಹೋದೆ. ಸಂಜೆ ಬಂದು ನೋಡಿದರೆ ಗೋಡೆಗೆ ಪೋಸ್ಟರ್ ಅಂಟಿಸುವ ಗಂಜಿ! ಅಂಗಡಿಯಲ್ಲಿ ಅಗಲದ ಮೊಟ್ಟೆ ನೂಡಲ್ಸ್ ಸಿಗುತ್ತದೆ, ಒಣಗಿದ್ದೂ, ಫ್ರೀಜರಿನದೂ. ನಾನು ಮನೆಯಲ್ಲೇ ಮಾಡುತ್ತೇನೆ. ಒಂದೂವರೆ ಕಪ್ ಮೈದಾ, ಎರಡು ಮೊಟ್ಟೆ, ಅರ್ಧ ಚಮಚ ಉಪ್ಪು, ಬೇಕಾದರೆ ಒಂದು ಚಮಚ ಹಾಲು. ಪೂರಿ ಹಿಟ್ಟಿಗಿಂತ ಗಟ್ಟಿ ಕಲಸಿ, ಅರ್ಧ ಗಂಟೆ ಮುಚ್ಚಿಟ್ಟು, ಚಪಾತಿಗಿಂತ ಸ್ವಲ್ಪ ದಪ್ಪ ಲಟ್ಟಿಸಿ, ಬೆರಳಗಲದ ಪಟ್ಟಿ ಕತ್ತರಿಸುತ್ತೇನೆ. ಹಿಂದಿನ ರಾತ್ರಿಯೇ ಕತ್ತರಿಸಿ, ಹಿಟ್ಟು ಉದುರಿಸಿ ಫ್ರೀಜರಿಗೆ ಹಾಕಿಟ್ಟರೆ ಸಂಜೆ ಸುಲಭ.

ಸಂಜೆ ಬಂದ ಮೇಲೆ ಮಾಂಸ ಹೊರಗೆ ತೆಗೆದು ಎರಡು ಫೋರ್ಕಿನಿಂದ ಬಿಡಿಸುತ್ತೇನೆ. ಮೇಲೆ ತೇಲುವ ಕೊಬ್ಬನ್ನು ಸೌಟಿನಲ್ಲಿ ತೆಗೆಯುತ್ತೇನೆ, ಪೂರ್ತಿ ಅಲ್ಲ. ಹೈಗೆ ತಿರುಗಿಸಿ, ಒಂದು ಕಪ್ ಕುದಿಯುವ ನೀರು ಸೇರಿಸಿ, ಫ್ರೀಜರಿನ ನೂಡಲ್ಸನ್ನು ಉದುರಿಸಿ ಬಿಡುತ್ತೇನೆ. ಅರ್ಧ ಗಂಟೆ ಕಳೆದು ಒಂದು ಎಳೆ ಕಚ್ಚಿ ನೋಡಿ. ಹಸಿ ಅನ್ನಿಸಿದರೆ ಇನ್ನು ಹತ್ತು ನಿಮಿಷ. ಅದರ ಮೇಲಿನ ಹಿಟ್ಟೇ ರಸವನ್ನು ಮಂದ ಮಾಡುತ್ತದೆ, ಕಾರ್ನ್ ಫ್ಲೋರ್ ಬೇಡ. ಮಾಂಸ ವಾಪಸ್ ಹಾಕಿ, ಉಪ್ಪು ನೋಡಿ, ಮೇಲೆ ಇನ್ನಷ್ಟು ಮೆಣಸು. ಒತ್ತು ಶಾವಿಗೆಗೆ ಬಾಡಿನ ಸಾರು ಹಾಕಿ ಉಂಡವರಿಗೆ ಈ ಊಟ ಪರಕೀಯ ಅನ್ನಿಸುವುದಿಲ್ಲ.

ಕನ್ನಡದ ಗೆಳೆಯರು ಬಂದಾಗ ಇದರಲ್ಲಿ ಏನಿದೆ ಅಂತ ಮೊದಲೇ ಹೇಳಿಬಿಡುತ್ತೇನೆ. ದನದ ಬಾಡು ತಿನ್ನದವರಿಗಾಗಿ ಕುರಿಯ ಭುಜದ ಮಾಂಸದಲ್ಲೂ ಮಾಡಿದ್ದೇನೆ. ಅದಕ್ಕೆ ಆರು ಗಂಟೆ ಸಾಕಾಯಿತು.

ಇನ್ನೊಂದು ಅಭ್ಯಾಸ ಇದೆ. ನೂಡಲ್ಸ್ ಹಾಕುವ ಮೊದಲೇ ನಾಲ್ಕು ಸೌಟು ರಸ, ಒಂದು ಹಿಡಿ ಮಾಂಸ ಡಬ್ಬಿಗೆ ಎತ್ತಿಡುತ್ತೇನೆ. ಮರುದಿನ ಫ್ರಿಜ್ಜಿನಲ್ಲಿ ಅದು ಅಲುಗಾಡುವ ಜೆಲ್ಲಿ ಆಗಿರುತ್ತದೆ. ಎರಡು ಹಸಿಮೆಣಸಿನಕಾಯಿ ಸೀಳಿ ಹಾಕಿ, ಕುದಿಸಿ, ಮುದ್ದೆ ತೊಳಸುತ್ತೇನೆ. ಅಷ್ಟು ದೂರದ ಇಂಡಿಯನ್ ಅಂಗಡಿಯಿಂದ ರಾಗಿ ಹಿಟ್ಟು ಹೊತ್ತು ತರುವುದು ಇದಕ್ಕೇ.